ಐದು ಮೂಲೆಯ ಸುಳ್ಳು

ಕಳೆದ ವಾರ ಬೀಳಗಿಯ ನಮ್ಮ ಮನೆಯ ಹಿತ್ತಿಲಿನಲ್ಲಿ ಕೂತು ಬಟ್ಟೆ ಸಾಬೂನಿನ ಹಳದಿ ಬಾರನ್ನು ದಾರದಿಂದ ಕತ್ತರಿಸುತ್ತಿದ್ದೆ. ಒಂದು ಗೇಣಿಗಿಂತ ಉದ್ದದ ಆ ಬಾರು ಇಲ್ಲಿಯ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ. ದಾರ ಒಳಗಿಳಿದು ಬಾರು ಎರಡು ತುಂಡಾದ ಕೂಡಲೇ ಅದರ ಹಸಿ ಒಳಭಾಗದಿಂದ ಒಂದು ವಾಸನೆ ಎದ್ದಿತು. ಎಣ್ಣೆಯದೂ ಹೌದು, ಸುಣ್ಣದ್ದೂ ಹೌದು, ಜೊತೆಗೆ ಇನ್ನೂ ಏನೋ... ನನ್ನ ಕೈ ಅಲ್ಲೇ ನಿಂತಿತು. ಒಳಗಿನಿಂದ ಮಗಳು, "ಯಾಕವಾ, ಒಬ್ಬಾಕಿನ ಕುಂತು ನಗಾಕತ್ತಿ?" ಎಂದು ಕೇಳಿದಾಗಲೇ ನಾನು ನಗುತ್ತಿದ್ದೇನೆ ಎಂಬುದು ನನಗೆ ಗೊತ್ತಾದದ್ದು.

ಆ ವಾಸನೆ ಬಂದರೆ ನನಗೆ ಜಮಖಂಡಿಯ ಕಾಲೇಜಿನಲ್ಲಿ ಸೈಕಲ್ ಸ್ಟ್ಯಾಂಡಿನ ಪಕ್ಕಕ್ಕಿದ್ದ ಉದ್ದನೆಯ ಕೋಣೆ ನೆನಪಾಗುತ್ತದೆ. ಅದೇ ನಮ್ಮ ಭೂವಿಜ್ಞಾನ ವಿಭಾಗ. ಕಿಟಕಿಯ ಹತ್ತಿರದ ಮೇಜಿನ ಮುಂದೆ ಕೂತು ನಮ್ಮ ಸರ್ ಪೆನ್ನುಚಾಕುವಿನಿಂದ ಸಾಬೂನು ಕೆತ್ತುತ್ತಿದ್ದರು. ಹರಳುಗಳ ಆಕಾರ ತೋರಿಸಲು ವಿಭಾಗದಲ್ಲಿ ಮೊದಲು ಕಟ್ಟಿಗೆಯ ಮಾದರಿಗಳಿದ್ದವಂತೆ. ಅವನ್ನು ಗೆದ್ದಲು ತಿಂದಿತ್ತು. ಹೊಸವನ್ನು ತರಿಸುವ ಮಾತು ಪ್ರತಿ ವರ್ಷ ಬರುತ್ತಿತ್ತು, ಪ್ರತಿ ವರ್ಷ ಹೋಗುತ್ತಿತ್ತು. ಸರ್ ಕಾಯುವ ಗೋಜಿಗೆ ಹೋಗದೆ ಅಂಗಡಿಯಿಂದ ಸಾಬೂನಿನ ಬಾರು ತಂದು ಘನ, ಪಟ್ಟಕ, ಎಂಟು ಮುಖದ್ದು, ಹನ್ನೆರಡು ಮುಖದ್ದು ಎಂದು ತಾವೇ ಕೆತ್ತಿಕೊಂಡರು. ವರ್ಷದ ಕೊನೆಗೆ ಒಡೆದ ಮಾದರಿಗಳನ್ನು ನಮಗೇ ಹಂಚಿ, "ಬಟ್ಟಿ ಒಗೀಲಾಕ ಆಗತಾವ, ಒಯ್ರಿ," ಅನ್ನುತ್ತಿದ್ದರು.

ಅವರು ಮುಧೋಳದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಬಿಳಿ ಅಂಗಿ, ಅದರ ಜೇಬಿನಲ್ಲಿ ಒಂದು ಮಸೂರ, ಒಂದು ಆಯಸ್ಕಾಂತ, ಆ ಪೆನ್ನುಚಾಕು. ಆ ಭಾರಕ್ಕೆ ಜೇಬು ಸದಾ ಜೋತುಬಿದ್ದಿರುತ್ತಿತ್ತು. ದಾರಿಯಲ್ಲಿ ಬಸ್ಸು ನಿಂತರೆ ಸಾಕು, ಇಳಿದು ಜಲ್ಲಿ ರಾಶಿಯ ಹತ್ತಿರ ಹೋಗಿಬಿಡುತ್ತಿದ್ದರು. "ಸರ್ರ, ಕಲ್ಲು ಎಲ್ಲಿ ಓಡಿ ಹೋಗಂಗಿಲ್ಲ, ಬಸ್ ಹೋಗತೈತಿ," ಎಂದು ಕಂಡಕ್ಟರ್ ಕೂಗುತ್ತಿದ್ದುದನ್ನು ಆ ಬಸ್ಸಿಗೆ ಬರುವ ಹುಡುಗರು ಅವನದೇ ದನಿಯಲ್ಲಿ ಮಾಡಿ ತೋರಿಸುತ್ತಿದ್ದರು. ಸರ್‌ಗೂ ಅದು ಗೊತ್ತಿತ್ತು. ಒಮ್ಮೆ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ, "ಕಂಡಕ್ಟರ್ ಇನ್ನೊಂಚೂರು ಸಿಟ್ಟಿನಾಗ ಹೇಳತಾನ," ಎಂದು ತಿದ್ದಿದ್ದರು.

ನನಗೆ ಆ ವಿಷಯ ಬೇಡವಾಗಿತ್ತು. ಕಾಲೇಜಿಗೆ ತಡವಾಗಿ ಅರ್ಜಿ ಹಾಕಿದ್ದೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಸೀಟುಗಳು ತುಂಬಿದ್ದವು. ಉಳಿದದ್ದು ಕಲ್ಲು. ರಬಕವಿಯಿಂದ ಬರುವ ನೇಕಾರರ ಮನೆಯ ಹುಡುಗಿ ನಾನು. ಓದಿ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಬೇಕು ಎಂದು ಹತ್ತನೆಯ ತರಗತಿಯಿಂದಲೇ ಲೆಕ್ಕ ಹಾಕಿಕೊಂಡಿದ್ದೆ. ದೀಪಾವಳಿ ರಜೆಯೊಳಗೆ ವಿಷಯ ಬದಲಿಸಿಕೊಳ್ಳಲು ಅವಕಾಶವಿದೆ, ಸರ್ ಸಹಿ ಹಾಕಿದರೆ ಆಯಿತು ಎಂದು ಆಫೀಸಿನವರು ಹೇಳಿದ್ದರು. ಅರ್ಜಿ ತುಂಬಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ತರಗತಿಯಲ್ಲಿ ಒಂಬತ್ತು ಜನ ಇದ್ದೆವು. ನಾನು ಕೊನೆಯ ಬೆಂಚಿನಲ್ಲಿ ಕೂತು ಬರೆಯುವುದು ಬಿಟ್ಟರೆ ಬಾಯಿ ತೆರೆದವಳೇ ಅಲ್ಲ.

ಅಂಥ ದಿನಗಳಲ್ಲಿ ಸರ್ ಒಂದು ಗಾಜಿನ ಭರಣಿ ಹಿಡಿದುಕೊಂಡು ತರಗತಿಗೆ ಬಂದರು. ಒಳಗೆ ಹತ್ತಿಯ ಮೇಲೆ ಒಂದು ಹರಳು. ನಿಂಬೆಹಣ್ಣಿನಷ್ಟು ದಪ್ಪ, ಬದನೆ ಹೂವಿನ ಬಣ್ಣ. ಹನ್ನೆರಡು ಮುಖ. ಪ್ರತಿ ಮುಖಕ್ಕೂ ಐದು ಮೂಲೆ, ಐದೂ ಅಂಚು ಒಂದೇ ಅಳತೆ. ಅಷ್ಟು ಚೆಂದದ ವಸ್ತುವನ್ನು ನಾನು ಆ ಕೋಣೆಯಲ್ಲಿ ಮೊದಲ ಸಲ ನೋಡಿದ್ದೆ.

"ಇದು ನಮ್ಮೂರ ಹೊಳಿ ದಂಡ್ಯಾಗ ಸಿಕ್ಕದ್ದು," ಎಂದರು ಸರ್. "ಹೆಸರು ಘಟಪ್ರಭಾಯಿಟ್. ಪುಸ್ತಕದಾಗ ಹುಡುಕಬ್ಯಾಡ್ರಿ, ಸಿಗಂಗಿಲ್ಲ. ಮುಟ್ಟಬ್ಯಾಡ್ರಿ, ಬೆವರಿಗೆ ಕರಗತೈತಿ."

ಈಗ ಹೇಳಿಬಿಡುತ್ತೇನೆ. ಘಟಪ್ರಭಾಯಿಟ್ ಎಂಬ ಖನಿಜ ಭೂಮಿಯ ಮೇಲೆ ಎಲ್ಲೂ ಇಲ್ಲ. ಅದನ್ನು ಸರ್ ತಮ್ಮ ಮನೆಯ ಪಡಸಾಲೆಯಲ್ಲಿ ಕೂತು ಸಾಬೂನಿನಲ್ಲಿ ಕೆತ್ತಿ, ಬಣ್ಣ ಹಾಕಿ, ಮೇಲೆ ಅವ್ವಾರ, ಅಂದರೆ ತಮ್ಮ ಹೆಂಡತಿಯ, ಉಗುರುಬಣ್ಣ ಕದ್ದು ಸವರಿ ಹುಟ್ಟಿಸಿದ್ದರು. ಪುಸ್ತಕದಲ್ಲಿ ಸಿಗುವುದಿಲ್ಲ, ಬೆವರಿಗೆ ಕರಗುತ್ತದೆ ಎಂಬ ಎರಡೂ ಮಾತು ಖರೆಯೇ ಆಗಿದ್ದವು. ಆದರೆ ಆಗ ನಮಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಒಂಬತ್ತೂ ಜನ ಪೆನ್ನು ತೆಗೆದು ಬರೆದುಕೊಂಡೆವು.

ವಾರಕ್ಕೊಂದು ಗುಣ ಬೋರ್ಡಿನ ಮೇಲೆ ಬರುತ್ತಿತ್ತು. ಗಡಸುತನ: ಉಗುರಿನಿಂದ ಗೀರಬಹುದು. ಹೊಳಪು: ಮೇಣದ ಹಾಗೆ. ಪುಡಿಯ ಬಣ್ಣ: ಬಿಳಿ. ನಮ್ಮ ತರಗತಿಯಲ್ಲಿ ಬೀರಪ್ಪ ಎಂಬ ಹುಡುಗನಿದ್ದ. ರನ್ನ ಬೆಳಗಲಿಯವನು. ಅವನ ಮನೆಯಲ್ಲಿ ತಲೆಮಾರುಗಳಿಂದ ಕುರಿ ಕಾಯುತ್ತಿದ್ದರು. ಕುರಿಗಳು ಯಾವ ಕಲ್ಲು ನೆಕ್ಕುತ್ತವೆ, ಯಾವುದನ್ನು ಮೂಸಿ ಬಿಡುತ್ತವೆ ಎಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು, ಹಾಗಾಗಿ ಯಾವ ಕಲ್ಲು ಕೈಗೆ ಬಂದರೂ ಮೊದಲು ನಾಲಿಗೆಗೆ ಮುಟ್ಟಿಸುತ್ತಿದ್ದ. ಒಂದು ದಿನ ಸರ್ ಹೊರಗೆ ಹೋದಾಗ ಭರಣಿಯ ಮುಚ್ಚಳ ತೆಗೆದು ಘಟಪ್ರಭಾಯಿಟನ್ನೂ ನೆಕ್ಕಿದ. ಅವನ ಮುಖ ಕಿವುಚಿಕೊಂಡಿತು. ಅಷ್ಟರಲ್ಲಿ ಸರ್ ಬಾಗಿಲಲ್ಲಿ ನಿಂತಿದ್ದರು.

"ಹ್ಯಾಂಗೈತಿ?" ಎಂದು ಕೇಳಿದರು.

"ಕಹಿ ಐತ್ರಿ ಸರ್."

ಸರ್ ನಗಲಿಲ್ಲ. ಬೋರ್ಡಿಗೆ ಹೋಗಿ ಗುಣಗಳ ಪಟ್ಟಿಯ ಕೆಳಗೆ "ರುಚಿ: ಕಹಿ" ಎಂದು ನೀಟಾಗಿ ಬರೆದರು. ನಾವೂ ಬರೆದುಕೊಂಡೆವು.

ದೀಪಾವಳಿಗೆ ಹತ್ತು ದಿನ ಇದ್ದಾಗ ನಾನು ಧೈರ್ಯ ಮಾಡಿ ಅರ್ಜಿ ಹಿಡಿದುಕೊಂಡು ಅವರ ಮೇಜಿನ ಮುಂದೆ ಹೋಗಿ ನಿಂತೆ. ಸರ್ ಓದಿದರು. ಬೇಸರ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಮಾತ್ರ ಅಂಗಡಿಯವರು ಚೀಟಿ ಓದಿದ ಹಾಗೆ ಓದಿ, ಮಡಚಿ ನನಗೇ ವಾಪಸು ಕೊಟ್ಟರು.

"ಸಹಿ ಮಾಡತೇನಿ ತಂಗಿ. ಅದಕ್ಕ ಮದಲ ಒಂದು ಕೆಲಸ ಮಾಡು. ಘಟಪ್ರಭಾಯಿಟಿನ ಒಂದು ಮುಖ ತಗೋ. ಅದನ್ನ ಒಂದು ಹಾಳಿ ತುಂಬ ಒಂದಕ್ಕೊಂದು ಹಚ್ಚಿ ಕೂಡಿಸಿಕೊಂಡು ಬಾ. ನಡುವ ಸಂದಿ ಇರಬಾರದು, ಒಂದರ ಮ್ಯಾಲ ಒಂದು ಏರಬಾರದು. ತಂದ ದಿನ ಸಹಿ."

ಇಷ್ಟೇನಾ ಅನ್ನಿಸಿತು. ಹರಳು ಅಂದರೆ ಸಾಲು ಎಂದು ಅವರು ಮೊದಲ ದಿನವೇ ಹೇಳಿದ್ದರು. ಒಳಗಿನ ಕಣಗಳು ಸಾಲಾಗಿ, ಒಂದರ ಪಕ್ಕ ಒಂದು, ಅದೇ ನಕ್ಷೆ ಮತ್ತೆ ಮತ್ತೆ ಬರುವಂತೆ ನಿಂತಿರುತ್ತವೆ, ಆ ಸಾಲೇ ಹೊರಗೆ ಮುಖವಾಗಿ ಕಾಣುತ್ತದೆ ಎಂದು. ಹಾಗಿದ್ದರೆ ಐದು ಮೂಲೆಯ ಮುಖವನ್ನು ಹಾಳೆಯ ತುಂಬ ಜೋಡಿಸುವುದು ಯಾವ ಮಹಾ ಕೆಲಸ? ಬಸ್ಸಿನಲ್ಲಿ ಕೂತೇ ಮುಗಿಸಿಬಿಡೋಣ ಎಂದು ಶುರುಮಾಡಿದೆ. ರಬಕವಿ ಬಂದರೂ ಮುಗಿಯಲಿಲ್ಲ. ಬಸ್ಸಿನ ಕುಲುಕಾಟಕ್ಕೆ ಗೆರೆ ಸೊಟ್ಟಾಗಿದೆ ಅಂದುಕೊಂಡೆ. ಮನೆಯಲ್ಲಿ ಕೂತು ಅಳತೆಪಟ್ಟಿ ಹಿಡಿದು ಎಳೆದೆ. ಮೂರನ್ನು ಒಂದು ಮೂಲೆಯ ಸುತ್ತ ಕೂಡಿಸಿದರೆ ಬೆಣೆಯ ಹಾಗೆ ಸ್ವಲ್ಪ ಜಾಗ ಉಳಿಯುತ್ತಿತ್ತು. ನಾಲ್ಕನೆಯದನ್ನು ಅಲ್ಲಿ ತುರುಕಿದರೆ ಪಕ್ಕದ್ದರ ಮೇಲೆ ಏರುತ್ತಿತ್ತು. ನಾಲ್ಕು ದಿನ ಹಾಳೆ ಹರಿದು ಹಾಕಿದೆ.

ರವಿವಾರ ಅಪ್ಪ ಮಗ್ಗದಿಂದ ಎದ್ದು ಬಂದು ನನ್ನ ಸುತ್ತ ಬಿದ್ದಿದ್ದ ಕಾಗದ ನೋಡಿದ. ನನ್ನ ಅಪ್ಪ ಸೀರೆಯ ಅಂಚಿನ ದಡಿಗೆ, ಸೆರಗಿಗೆ ನಕ್ಷೆ ಬರೆಯುವುದರಲ್ಲಿ ನಮ್ಮ ಓಣಿಗೇ ಹೆಸರಾದವನು. ನಾಲ್ಕನೆಯ ತರಗತಿಯ ಆಚೆ ಶಾಲೆ ಕಂಡವನಲ್ಲ. ಆದರೆ ಚೌಕಳಿ ಕಾಗದದ ಮೇಲೆ ಒಂದು ನವಿಲು ಬರೆದರೆ ಅದು ಆರು ಗಜದ ತುಂಬ ಒಂದು ಎಳೆಯೂ ತಪ್ಪದೆ ನಡೆದುಕೊಂಡು ಹೋಗುತ್ತಿತ್ತು.

"ಐದ ಎಸಳಿನ ಹೂವನ? ಅಂಥಾವು ನೂರು ನೇಯ್ದೇನಿ," ಎಂದ.

"ಹಂಗಲ್ಲಪ್ಪಾ. ಹೂವಿನ ನಡುವ ನೆಲ ಕಾಣಬಾರದು. ಹೂವಿಗೆ ಹೂವ ಹತ್ತಿಕೊಂಡಿರಬೇಕು."

ಅಪ್ಪ ನನ್ನ ಪಕ್ಕ ನೆಲದ ಮೇಲೆ ಕೂತ. ಆಮೇಲೆ ಮೂಲೆಯಲ್ಲಿ ಕಟ್ಟಿಟ್ಟಿದ್ದ ಜಾಕಾರ್ಡಿನ ಹಳೆಯ ರಟ್ಟುಗಳನ್ನು ಎಳೆದುಕೊಂಡ. ಮಗ್ಗದಲ್ಲಿ ನಕ್ಷೆ ಮೂಡಿಸಲು ಬಳಸುವ ತೂತು ತೂತಿನ ಗಟ್ಟಿ ರಟ್ಟುಗಳು ಅವು. ಕತ್ತರಿ ತಂದು ನನ್ನ ಅಳತೆಯ ಹಾಗೆ ಐದು ಮೂಲೆಯ ತುಂಡುಗಳನ್ನು ಕತ್ತರಿಸಿದ. ನೆಲದ ಮೇಲೆ ಕೂಡಿಸಿದ. ಕೂಡಲಿಲ್ಲ. ತಿರುಗಿಸಿದ. ತಲೆಕೆಳಗು ಮಾಡಿದ. ಅವ್ವ ಊಟಕ್ಕೆ ಕರೆದಳು, ಏಳಲಿಲ್ಲ. ಆರು ಮೂಲೆಯದನ್ನು ಕತ್ತರಿಸಿ ಇಟ್ಟ, ಜೇನುಗೂಡಿನ ಹಾಗೆ ಪಟಪಟ ಕೂಡಿದವು. ಚೌಕ ಕೂಡಿದವು. ಮೂರು ಮೂಲೆಯವೂ ಕೂಡಿದವು. ಐದಕ್ಕೆ ಬಂದರೆ ಮತ್ತೆ ಅದೇ ಬೆಣೆ.

ಇಳಿಹೊತ್ತಿಗೆ ಅವನು ರಟ್ಟುಗಳನ್ನು ಬದಿಗೆ ಸರಿಸಿ ಗೋಡೆಗೆ ಒರಗಿದ. ನಾನು ಅಪ್ಪನ ಮುಖದಲ್ಲಿ ಸೋಲು ಹುಡುಕಿದೆ. ಅವನ ಕಣ್ಣು ಹೊಳೆಯುತ್ತಿದ್ದವು.

"ಇದು ಆಗಂಗಿಲ್ಲ ಮಗಳ. ನಿನ್ನ ಕೈ ತಪ್ಪಿಲ್ಲ, ನನ್ನ ಕೈನೂ ತಪ್ಪಿಲ್ಲ. ಆ ಕಲ್ಲಿನಾಗ ತಪ್ಪೈತಿ."

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಕಲ್ಲಿನಲ್ಲಿ ತಪ್ಪಿದೆ ಅಂದರೆ ಸರ್ ಹೇಳಿದ್ದು ತಪ್ಪು. ಹರಳು ಸಾಲು ಅನ್ನುವುದು ಖರೆಯಾದರೆ ಘಟಪ್ರಭಾಯಿಟ್ ಇರಲಾರದು. ಘಟಪ್ರಭಾಯಿಟ್ ಇದ್ದರೆ ಸಾಲಿನ ಮಾತು ನಿಲ್ಲಲಾರದು. ಎರಡನ್ನೂ ಒಬ್ಬರೇ ಕಲಿಸಿದ್ದರು. ಇದನ್ನು ಎದ್ದು ನಿಂತು ಹೇಳುವುದು ಹೇಗೆ? ಮೂರು ತಿಂಗಳಲ್ಲಿ ತರಗತಿಯಲ್ಲಿ ಒಂದು ಮಾತೂ ಆಡದವಳು ಮೊದಲ ಮಾತಿಗೇ ಗುರುಗಳನ್ನು ಸುಳ್ಳುಗಾರ ಅನ್ನುವುದೇ? ಸಿಟ್ಟು ಬಂದು ಸಹಿ ಹಾಕದೇ ಹೋದರೆ? ಅಂಚುಗಳನ್ನು ಒಂಚೂರು ಸೊಟ್ಟ ಎಳೆದು ಹಾಳೆ ತುಂಬಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂತು. ಪೆನ್ಸಿಲ್ ಹಿಡಿದೂ ಹಿಡಿದೆ. ಎರಡು ಗೆರೆ ಎಳೆದೆ. ನೆಲದ ಮೇಲೆ ಅಪ್ಪ ಬಿಟ್ಟಿದ್ದ ರಟ್ಟುಗಳು ಹಾಗೇ ಬಿದ್ದಿದ್ದವು... ಅಳಿಸಿಬಿಟ್ಟೆ.

ಮರುದಿನ ತರಗತಿಯಲ್ಲಿ ಸರ್ ಬೋರ್ಡಿನ ಕಡೆ ತಿರುಗಿದ್ದಾಗ ನಾನು ಎದ್ದು ನಿಂತೆ. ಅವರು ಈ ಕಡೆ ತಿರುಗುವವರೆಗೆ ಕಾದರೆ ಮಾತು ಹೊರಡುವುದಿಲ್ಲ ಎಂದು ಅವರ ಬೆನ್ನಿಗೇ ಹೇಳಿದೆ.

"ಸರ್, ಆಗಂಗಿಲ್ರಿ. ಅಂಥಾ ಹರಳು ಇರಾಕ ಸಾಧ್ಯ ಇಲ್ರಿ. ಇದು ಸುಳ್ಳೈತ್ರಿ."

ಸೀಮೆಸುಣ್ಣ ಬೋರ್ಡಿನ ಮೇಲೆ ಅರ್ಧ ಅಕ್ಷರಕ್ಕೆ ನಿಂತಿತು. ಸರ್ ನಿಧಾನವಾಗಿ ತಿರುಗಿದರು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ಇನ್ನೊಮ್ಮೆ ಹೇಳು."

"ಸುಳ್ಳೈತ್ರಿ ಸರ್," ಎಂದೆ. ಬ್ಯಾಗಿನಿಂದ ಅಪ್ಪನ ರಟ್ಟುಗಳನ್ನು ತೆಗೆದು ಬೆಂಚಿನ ಮೇಲೆ ಕೂಡಿಸಿ ತೋರಿಸಿ, ಅಪ್ಪ ಅಂದದ್ದನ್ನೂ ಹೇಳಿದೆ. ಎಲ್ಲರೂ ಸುತ್ತ ಬಂದು ನಿಂತರು. ಬೆಣೆ ಎಲ್ಲರಿಗೂ ಕಂಡಿತು.

ಆಗ ಸರ್ ಮಾಡಿದ್ದನ್ನು ನೆನೆದರೆ ಈಗಲೂ ನನಗೆ ನಗು ಬರುತ್ತದೆ. ಭರಣಿಯ ಮುಚ್ಚಳ ತೆಗೆದು, ಆ ಬದನೆ ಹೂವಿನ ಬಣ್ಣದ ಹರಳನ್ನು ಕೈಗೆತ್ತಿಕೊಂಡು, ಹೊರಗಿನ ನಲ್ಲಿಯ ಹತ್ತಿರ ಹೋಗಿ, ಎಲ್ಲರ ಮುಂದೆ ಅದರಿಂದ ತಮ್ಮ ಎರಡೂ ಕೈ ತಿಕ್ಕಿ ತೊಳೆದುಕೊಂಡರು. ನೊರೆ ಮೊಣಕೈವರೆಗೆ ಬಂತು. ಐವತ್ತು ದಾಟಿದ ಮನುಷ್ಯ, ಒದ್ದೆ ಕೈ ಮೇಲೆತ್ತಿಕೊಂಡು, "ಸಿಕ್ಕಿತು! ಸಿಕ್ಕಿತು!" ಅನ್ನುತ್ತ ನಲ್ಲಿಯ ಕಟ್ಟೆಯ ಸುತ್ತ ಕುಣಿದೇಬಿಟ್ಟರು. ಸೈಕಲ್ ಸ್ಟ್ಯಾಂಡಿನ ಕಾವಲಿನವನು ಗಾಬರಿಯಿಂದ ಓಡಿ ಬಂದ. ಬೀರಪ್ಪ ಮಾತ್ರ ಅಲ್ಲಿಯೇ ನಿಂತು ಸಣ್ಣ ದನಿಯಲ್ಲಿ, "ನಾ ನೆಕ್ಕಿದಾಗ ನೊರಿ ಬಂದಿತ್ರಿ ಸರ್. ನಗತೀರಿ ಅಂತ ಹೇಳಲಿಲ್ಲ," ಎಂದ. ಆಮೇಲೆ ನಗು ನಿಲ್ಲಿಸಲು ಯಾರಿಂದಲೂ ಆಗಲಿಲ್ಲ.

ಆರು ವರ್ಷದಿಂದ ಅವರು ಘಟಪ್ರಭಾಯಿಟ್ ಕಲಿಸುತ್ತಿದ್ದರಂತೆ. ಯಾರಾದರೂ ಎದ್ದು ಇದು ಸುಳ್ಳು ಅನ್ನುತ್ತಾರೇನೋ ಎಂದು ಕಾಯುವುದಂತೆ. ಯಾರೂ ಅಂದಿರಲಿಲ್ಲ. ಒಬ್ಬ ಹುಡುಗನಂತೂ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಅದರ ಗುಣಗಳನ್ನೆಲ್ಲ ಬರೆದು ಬಂದಿದ್ದ, ಬೇರೆ ಕಾಲೇಜಿನ ಯಾರೋ ಅದಕ್ಕೆ ಮಾರ್ಕ್ಸೂ ಹಾಕಿದ್ದರು. ನನ್ನ ಹಾಗೆಯೇ ವಿಷಯ ಬಿಡಲು ಬಂದಿದ್ದ ಇನ್ನೊಬ್ಬ ಅಂಚು ಸೊಟ್ಟ ಎಳೆದು ಹಾಳೆ ತುಂಬಿಸಿ ತಂದಿದ್ದ. ಸರ್ ಏನೂ ಹೇಳದೆ ಸಹಿ ಹಾಕಿ ಕೊಟ್ಟಿದ್ದರು. ಪೆನ್ಸಿಲಿನ ಆ ಎರಡು ಗೆರೆಯ ವಿಷಯ ನಾನು ಅವರಿಗೆ ಎಂದೂ ಹೇಳಲಿಲ್ಲ.

"ತಾ ನಿನ್ನ ಅರ್ಜಿ," ಎಂದು ಪೆನ್ನು ತೆಗೆದರು ಸರ್. ಆದರೆ ಸಹಿ ಮಾಡುವ ಮೊದಲು ಕಪಾಟಿನಿಂದ ಬಂಗಾರದ ಬಣ್ಣದ ಒಂದು ಹರಳು ತಂದು ನನ್ನ ಅಂಗೈಯಲ್ಲಿ ಇಟ್ಟರು. ಭಾರವಾಗಿ, ತಣ್ಣಗಿತ್ತು. ಪೈರೈಟ್. ಇದು ಖರೆ ಖನಿಜ. ನೋಡಿದರೆ ಇದಕ್ಕೂ ಹನ್ನೆರಡು ಮುಖ, ಒಂದೊಂದಕ್ಕೂ ಐದು ಮೂಲೆ!

"ಈಗೇನಂತಿ?"

ಕಿಟಕಿಯ ಬೆಳಕಿಗೆ ಹಿಡಿದು ಆ ಹರಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಎಷ್ಟು ಹೊತ್ತಾಯಿತೋ. ಮಧ್ಯಾಹ್ನದ ಗಂಟೆ ಹೊಡೆಯಿತು, ಉಳಿದವರು ಊಟಕ್ಕೆ ಹೋದರು. ನಾನು ಜಡೆಯ ರಿಬ್ಬನ್ನಿನಿಂದ ಒಂದು ದಾರ ಎಳೆದುಕೊಂಡು ಅಂಚುಗಳನ್ನು ಅಳೆಯತೊಡಗಿದೆ. ನಾಲ್ಕು ಅಂಚು ಒಂದೇ ಅಳತೆ. ಐದನೆಯದು ಬೇರೆ. ಇನ್ನೊಂದು ಮುಖ ಅಳೆದೆ. ಅಲ್ಲಿಯೂ ನಾಲ್ಕು ಒಂದು, ಐದನೆಯದು ಬೇರೆ. ಅಂದರೆ ಇದರ ಮುಖ ಘಟಪ್ರಭಾಯಿಟಿನ ಹಾಗೆ ಐದೂ ಅಂಚು ಸಮ ಇರುವುದಲ್ಲ, ನೋಡುವವರ ಕಣ್ಣಿಗೆ ಹಾಗೆ ಕಾಣುತ್ತದೆ ಅಷ್ಟೆ; ಸಾಲಿನ ಮಾತು ಇಲ್ಲಿ ಸುಳ್ಳಾಗುವುದಿಲ್ಲ. ಅಳತೆಗಳನ್ನು ಬರೆದುಕೊಳ್ಳಲು ಕೈಗೆ ಸಿಕ್ಕ ಕಾಗದ ತೆಗೆದುಕೊಂಡೆ. ಬರೆದು ಮುಗಿಸಿ ತಿರುಗಿಸಿದಾಗ ಗೊತ್ತಾಯಿತು, ಅದು ನನ್ನ ಅರ್ಜಿಯ ಹಿಂಬದಿ.

ಸರ್ ಆ ಕಾಗದ ನೋಡಿದರು, ನನ್ನನ್ನು ನೋಡಿದರು. ಪೆನ್ನನ್ನು ಜೇಬಿಗೆ ಹಾಕಿಕೊಂಡು, "ಊಟಾ ಮಾಡಿ ಬಾ ತಂಗಿ," ಅಂದರು. ವಿಷಯ ಬದಲಿಸುವ ಮಾತನ್ನು ಆಮೇಲೆ ನಾವಿಬ್ಬರೂ ಎತ್ತಲಿಲ್ಲ.

ಮುಂದಿನ ರವಿವಾರ ಅವರು ಹೇಳದೇ ಕೇಳದೇ ರಬಕವಿಗೆ ನಮ್ಮ ಮನೆಗೆ ಬಂದರು. ಓಣಿಯಲ್ಲಿ ಮಗ್ಗಗಳ ಸದ್ದಿಗೆ ಅವರು ಕರೆದದ್ದು ಯಾರಿಗೂ ಕೇಳಿಸಿರಲಿಲ್ಲ. ಅವ್ವ ನೀರು ಚೆಲ್ಲಲು ಹೊರಬಂದಾಗ ಕಟ್ಟೆಯ ಮೇಲೆ ಕೂತಿದ್ದರು. ಅಪ್ಪ ಮೈಮೇಲಿನ ನೂಲಿನ ಚೂರು ಝಾಡಿಸಿಕೊಳ್ಳುತ್ತ ಗಡಿಬಿಡಿಯಿಂದ ಎದ್ದ. ಮಗಳು ಕಾಲೇಜಿನಲ್ಲಿ ಏನೋ ತಪ್ಪು ಮಾಡಿದ್ದಾಳೆ ಎಂದೇ ಅವನು ತಿಳಿದಿದ್ದ.

"ಐದ ಮೂಲಿ ಕೂಡಂಗಿಲ್ಲ ಅಂತ ಹೇಳಿದವರು ನೀವನ ಹೌದಲ್ಲರಿ?" ಎಂದರು ಸರ್. "ನಿಮ್ಮನ್ನ ನೋಡಾಕ ಬಂದೇನಿ."

ಅಪ್ಪ ಅವರನ್ನು ಒಳಗೆ ಕರೆದು ಮಗ್ಗ ತೋರಿಸಿದ. ಒಂದು ತುಂಡು ನಕ್ಷೆ ಹೇಗೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ ಸಾಲುಗಟ್ಟಿ ನಡೆಯುತ್ತದೆ ಎಂದು ಜಾಕಾರ್ಡಿನ ರಟ್ಟುಗಳನ್ನು ಬಿಚ್ಚಿ ತೋರಿಸಿದ. ಸರ್ ಮಸೂರ ಹಚ್ಚಿ ಹಾಸು ಹೊಕ್ಕಿನ ಎಳೆಗಳನ್ನು ನೋಡಿದರು. "ನಾ ಇಪ್ಪತ್ತು ವರ್ಷ ಬೋರ್ಡಿನ ಮ್ಯಾಲ ಬರದದ್ದು ಇಲ್ಲಿ ದಿನಾ ನಡದೈತಿ," ಎಂದು ತಮಗೆ ತಾವೇ ಹೇಳಿಕೊಂಡರು. ಇಬ್ಬರೂ ಮಗ್ಗದ ಕುಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಮಾತಾಡತೊಡಗಿದರು. ನಡುವೆ ಅಪ್ಪ ಇದ್ದಕ್ಕಿದ್ದಂತೆ ಮಾತು ತಿರುಗಿಸಿದ.

"ಒಂದು ಕೇಳತೇನಿ, ಸಿಟ್ಟಾಗಬ್ಯಾಡ್ರಿ ಸರ್ರ. ಹಂಗಾರ ನೀವು ಹುಡುಗೋರಿಗೆ ಸುಳ್ಳು ಕಲಿಸಿದ್ರಿ ಅಂದಂಗಾತಲ್ರಿ?"

ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ನಾನು ಅರ್ಧ ಒಳಗೆ ಸರಿದೆ. ಸರ್ ತಲೆ ತಗ್ಗಿಸಿ ಕೈಯಲ್ಲಿದ್ದ ರಟ್ಟನ್ನು ತಿರುವುತ್ತ ಕೂತರು.

"ಹೌದ್ರಿ, ಕಲಿಸಿದೆ. ಖರೆ ಹೇಳಿದ್ರ ಬರಕೊಂಡು ಮನಿಗೆ ಹೋಗತಾರ. ಅದಕ್ಕ ಹಿಡಿಯಾಕ ಬರೂ ಹಂಗ ಒಂದು ಸುಳ್ಳ ಇಡತೇನಿ."

"ಯಾರೂ ಹಿಡೀದಿದ್ರ?"

"ವರ್ಷದ ಕಡೀಕ ನಾನ ಹೇಳತಿದ್ದೆ. ಹೇಳಿದ ದಿನ ನನಗ ಊಟ ಸೇರತಿದ್ದಿಲ್ಲ."

ಅಪ್ಪ ಅವರ ಕೈಯಿಂದ ರಟ್ಟು ತೆಗೆದು ಬದಿಗಿಟ್ಟ. ಆಮೇಲೆ ಅವ್ವನನ್ನು ಕೂಗಿ, "ಏ, ಸರ್ರು ಇಲ್ಲೇ ಊಟ ಮಾಡತಾರ, ರೊಟ್ಟಿ ಬಡಿ," ಎಂದ. ಆ ದಿನ ಸರ್ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು ಉಂಡು, "ಇನ್ನೊಂದು ಹಾಕ್ರೆವಾ," ಎಂದು ತಾವೇ ತಟ್ಟೆ ಚಾಚಿದರು. ಹೋಗುವಾಗ ಒಂದು ಕಟ್ಟು ಹಳೆಯ ರಟ್ಟುಗಳನ್ನು ಬಗಲಲ್ಲಿ ಇಟ್ಟುಕೊಂಡು ಹೋದರು. ಹರಳಿನ ಸಾಲು ಕಲಿಸಲು ಮುಂದಿನ ವರ್ಷಗಳಲ್ಲಿ ಅವರು ಅವನ್ನೇ ಬಳಸಿದರು. ಅಪ್ಪ ಆ ಚಳಿಗಾಲದಲ್ಲಿ ಆರು ಮೂಲೆಯ ಜೇನುಗೂಡಿನ ಒಂದು ದಡಿ ನೇಯ್ದ. ಅದು ಓಣಿಗೆಲ್ಲ ಹಿಡಿಸಿತು. ಯಾರಾದರೂ ಈ ನಕ್ಷೆ ಎಲ್ಲಿಯದು ಎಂದು ಕೇಳಿದರೆ, "ಭೂವಿಜ್ಞಾನದ್ದು," ಎಂದು ಗಂಭೀರವಾಗಿ ಹೇಳುತ್ತಿದ್ದ.

ನಾನು ಪದವಿ ಮುಗಿಸಿದೆ, ಬಿ.ಎಡ್. ಮಾಡಿದೆ, ಬೀಳಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿಯಾದೆ. ಸರ್ ನಿವೃತ್ತರಾದರು. ಅವರ ಹಿಂದೆಯೇ ವಿದ್ಯಾರ್ಥಿಗಳು ಸಿಗುವುದಿಲ್ಲ ಎಂದು ಕಾಲೇಜಿನವರು ಆ ವಿಷಯವನ್ನೂ ಮುಚ್ಚಿದರು. ಆ ಸುದ್ದಿ ಹೇಳುವಾಗ ಮಾತ್ರ ಸರ್ ದನಿ ಸ್ವಲ್ಪ... ಹೋಗಲಿ. ನಮ್ಮ ಆಟ ಮಾತ್ರ ನಿಲ್ಲಲಿಲ್ಲ. ತಿಂಗಳಿಗೊಮ್ಮೆಯಾದರೂ ಫೋನ್ ಮಾಡುತ್ತಿದ್ದರು. ಮಾತಿನ ನಡುವೆ ಎಲ್ಲೋ ಒಂದು ಸುಳ್ಳು ಸೇರಿಸಿರುತ್ತಿದ್ದರು. ಫೋನ್ ಇಡುವ ಮೊದಲು ನಾನು ಅದನ್ನು ಹಿಡಿಯಬೇಕು. ಬಾದಾಮಿಯ ಕಲ್ಲು ಬೆಂಕಿಯಿಂದ ಹುಟ್ಟಿದ್ದು ಅಂದರೆ ಹಿಡಿಯುತ್ತಿದ್ದೆ. ಅದು ಮರಳು ಗಟ್ಟಿಯಾಗಿ ಆದದ್ದು. ಉಪ್ಪಿನ ಹರಳಿಗೆ ಎಂಟು ಮುಖ ಎಂದು ನಡುವೆ ನುಸುಳಿಸಿದರೆ ಹಿಡಿಯುತ್ತಿದ್ದೆ. ಹಿಡಿದಾಗಲೆಲ್ಲ ಆ ಕಡೆಯಿಂದ ದೊಡ್ಡ ನಗು. ನನ್ನ ತಪ್ಪನ್ನು ತೋರಿಸಿದರೆ ನನಗೆ ಈಗಲೂ ಮುಖ ಸಣ್ಣದಾಗುತ್ತದೆ. ಅವರು ತಮ್ಮ ತಪ್ಪನ್ನು ಯಾರಾದರೂ ಹಿಡಿಯಲಿ ಎಂದು ದಾರಿ ಕಾಯುತ್ತಿದ್ದರು.

ಎರಡು ವರ್ಷದ ಹಿಂದೆ, ಚಳಿ ಮುಗಿಯುವ ಹೊತ್ತಿಗೆ, ಒಂದು ಸಂಜೆ ಫೋನ್ ಬಂತು. ಮೊಮ್ಮಗ ಓಟದಲ್ಲಿ ಎರಡನೆಯವನಾಗಿ ಬಂದನಂತೆ. ಹಿತ್ತಿಲಲ್ಲಿ ಅವ್ವಾರು ದಾಳಿಂಬೆ ಸಸಿ ಹಚ್ಚಿದ್ದಾರಂತೆ. ಬೀರಪ್ಪ ಮನೆಗೆ ಬಂದು ಒಂದು ಚೀಲ ಗೋವಿನಜೋಳದ ತೆನೆ ಕೊಟ್ಟು ಹೋದನಂತೆ. "ನಾ ಆರಾಮ ಅದೀನಿ. ದಿನಾ ಮುಂಜಾನೆ ಹೊಳಿತನಕ ನಡಕೊಂಡು ಹೋಗಿ ಬರತೇನಿ," ಅಂದರು. ಮಾತು ಮುಗಿಯುವ ಹೊತ್ತಿಗೆ, "ಹೂಂ, ಹಿಡಿ ಈಗ," ಎಂದರು.

"ದಾಳಿಂಬೆ ಸುಳ್ಳರಿ."

"ಅಲ್ಲ. ಎರಡ ಎಲಿ ಬಂದಾವ."

"ಮೊಮ್ಮಗ ಮದಲನೇದವ ಬಂದಿರಬೇಕು."

"ಅಲ್ಲ, ಎರಡನೇದವನ."

"ಬೀರಪ್ಪ ಬಂದಿಲ್ರಿ."

"ತೆನಿ ಸುಟ್ಟು ತಿಂದೇನಿ."

ನಾನು ಯೋಚಿಸಿದೆ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. "ಮುಂದಿನ ಸರ್ತಿ ಹೇಳತೇನಿ ಸರ್," ಎಂದೆ. ಅವರು ನಕ್ಕರು. ನಗುತ್ತ ನಗುತ್ತ ಕೆಮ್ಮು ಬಂತು. "ಆತು, ಹುಡುಕು," ಎಂದು ಫೋನ್ ಇಟ್ಟರು.

ಮೂರು ವಾರದ ಮೇಲೆ ಬೀರಪ್ಪ ಫೋನ್ ಮಾಡಿ ಸರ್ ಹೋದರು ಎಂದ. ನಾನು ಪರೀಕ್ಷೆಯ ಡ್ಯೂಟಿಯಲ್ಲಿದ್ದೆ, ಮಣ್ಣಿಗೆ ಹೋಗಲಾ‌ಗಲಿಲ್ಲ. ರವಿವಾರ ಮುಧೋಳಕ್ಕೆ ಹೋದೆ. ಸರ್ ಮನೆಯ ಅವ್ವಾರು ನನ್ನ ಕೈ ಹಿಡಿದುಕೊಂಡು ಪಡಸಾಲೆಯಲ್ಲಿ ಕೂರಿಸಿಕೊಂಡರು. ಉಗುರುಬಣ್ಣ ಕದ್ದ ಕಥೆ ಅವರೇ ತೆಗೆದರು, ಇಬ್ಬರೂ ನಕ್ಕೆವು. ಆಮೇಲೆ ನಾನು ಕೇಳಿದೆ, ದಿನಾ ಹೊಳೆಯವರೆಗೆ ನಡೆಯುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಏನಾಯಿತು ಎಂದು. ಅವರು ನನ್ನ ಮುಖವನ್ನೇ ನೋಡಿದರು.

"ಹೊಳಿಗೆ ಹೋಗಿ ನಾಕ ತಿಂಗಳಾಗಿತ್ತವಾ. ಹೊಸ್ತಲಾ ದಾಟಿದ್ದಿಲ್ಲ. ನಿನಗ ಹೇಳಿದ್ರ ಸಾಲಿ ಬಿಟ್ಟು ಓಡಿ ಬರತಿ ಅಂತ ಯಾರಿಗೂ ಹೇಳಗೊಡಲಿಲ್ಲ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದುವರಿಸಿದರು.

"ಆವತ್ತ ಫೋನ್ ಇಟ್ಟು, 'ಇವತ್ತ ಆಕಿನ್ನ ಗೆದ್ದೆ ನೋಡು' ಅಂದ್ರು. ಸಣ್ಣ ಹುಡುಗೋರ ಗತೆ ನಗತಿದ್ರವಾ. ಎಷ್ಟೋ ದಿನದ ಮ್ಯಾಲ ಆವತ್ತ ಎರಡ ರೊಟ್ಟಿ ಉಂಡ್ರು."

ಸರ್ ಎಷ್ಟೋ ಕಠಿಣ ಸುಳ್ಳುಗಳನ್ನು ಇಟ್ಟಿದ್ದರು, ಎಲ್ಲ ಹಿಡಿದಿದ್ದೆ. ಇದು ಎಲ್ಲಕ್ಕಿಂತ ಸುಲಭದ್ದಿತ್ತು. ಆ ಕೆಮ್ಮೇ ಹೇಳುತ್ತಿತ್ತು. ಹಿಡಿದಿದ್ದರೆ ಮರುದಿನವೇ ಮುಧೋಳದ ಬಸ್ಸು ಹತ್ತಿ ಹೋಗಿ ಅವರ ಮಂಚದ ಪಕ್ಕ ಕೂತು ಜಗಳವಾಡಬಹುದಿತ್ತು. ಇನ್ನೊಂದು ಸಲ ಅವರು ನಗುವುದನ್ನು ಎದುರಿಗೇ ಕೂತು ನೋಡಬಹುದಿತ್ತು...

ಈಗ ಯಾರು ಫೋನ್ ಮಾಡಿ ಆರಾಮ ಅದೀನಿ ಅಂದರೂ ನಾನು ಎರಡನೆಯ ಸಲ ಕೇಳುತ್ತೇನೆ. ನಿನ್ನೆ ರಬಕವಿಯಿಂದ ಅಪ್ಪ ಫೋನ್ ಮಾಡಿದ್ದ. ಅವನಿಗೂ ಕೇಳಿದೆ, "ಖರೆನ?" ಎಂದು. "ಆರಾಮ ಅದೀನಿ ಅಂದೆನಲ್ಲ, ಎಷ್ಟ ಸಲ ಕೇಳತಿ?" ಎಂದು ಸಿಡುಕಿದ. ನಾಳೆ ರವಿವಾರ. ಮುಂಜಾನೆಯ ಮೊದಲ ಬಸ್ಸಿಗೇ ಹೋಗಿ ನೋಡಿಕೊಂಡು ಬರುತ್ತೇನೆ.